ಬದುವಿನ ಮೇಲಿನ ಫೋನು

ಹೊಳಲ್ಕೆರೆಯ ಸಹನಾಗೆ ತುರುವನೂರಿನಾಚೆಯ ಒಂದು ಸಣ್ಣ ಊರಿನ ಶಾಲೆಯಲ್ಲಿ ಕೆಲಸ ಸಿಕ್ಕಿದ್ದು ಆ ವರ್ಷದ ಮಳೆಗಾಲದಲ್ಲಿ. ಪಾಠ ಯೋಜನೆ ಬರೆಯುವುದೆಂದರೆ ಅವಳಿಗೆ ಬಲು ಹುರುಪು. ಯಾವ ಪ್ರಶ್ನೆಗೆ ಮಕ್ಕಳು ಏನು ಹೇಳುತ್ತಾರೆ ಎಂಬುದನ್ನೂ ಮೊದಲೇ ಬರೆದಿಡುತ್ತಿದ್ದಳು. ಮಕ್ಕಳು ಅದನ್ನು ಹೇಳುತ್ತಿರಲಿಲ್ಲ.

ಒಂದು ದಿನ ನಾಲ್ಕನೇ ತರಗತಿಯಲ್ಲಿ ಒಬ್ಬೊಬ್ಬರೂ ಎದ್ದು ನಿಂತು ಒಂದೊಂದು ಪ್ಯಾರಾ ಓದಬೇಕಿತ್ತು. ಸರದಿ ನಾಗಶ್ರೀಯ ಬಳಿ ಬಂದು ನಿಂತುಬಿಟ್ಟಿತು. ಹುಡುಗಿ ಪುಸ್ತಕ ಹಿಡಿದು ನಿಂತಳೇ ಹೊರತು ಬಾಯಿ ಬಿಡಲಿಲ್ಲ. ಅವಳನ್ನು ಓದಿಸುವ ಹಟದಲ್ಲಿ ಗಂಟೆಯೇ ಹೊಡೆಯಿತು. ವಿಷಯ ಕೇಳಿದ ಮುಖ್ಯಶಿಕ್ಷಕ ಶಿವಕುಮಾರಪ್ಪ, "ಮನೆಯೋರಿಗೊಂದು ಫೋನ್ ಮಾಡಮ್ಮ. ನಾವಷ್ಟೇ ಹೆಣಗಿದ್ರೆ ಆಗಲ್ಲ," ಎಂದರು.

ಊಟದ ಬಿಡುವಿನಲ್ಲಿ ಸಹನಾ ಹುಡುಗಿಯ ತಾಯಿ ಮಲ್ಲಕ್ಕನಿಗೆ ಫೋನ್ ಮಾಡಿದಳು. ಅತ್ತಲಿಂದ "ಹೇಳ್ರಿ" ಎಂದದ್ದೇ ತಡ, ಯೋಚಿಸಿಟ್ಟುಕೊಂಡದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸಿದಳು: ನಿಮ್ಮ ಮಗಳಿಗೆ ಓದಲು ಬರುವುದಿಲ್ಲ, ಎರಡಕ್ಷರ ಕೂಡಿಸಲೂ ಆಗುವುದಿಲ್ಲ, ಮನೆಯಲ್ಲಿ ಸ್ವಲ್ಪ ಗಮನ ಕೊಡಿ.

"ಆತು ಮೇಡಂ," ಎಂದಿತು ದನಿ. ಹಿಂದೆ ಯಾರೋ ನಕ್ಕಂತಾಯಿತು.

ಮರುದಿನ ನಾಗಶ್ರೀ ಬರಲಿಲ್ಲ. ಅದರ ಮರುದಿನವೂ ಇಲ್ಲ. ತಾನು ಮರಳುವ ಸಂಜೆಯ ಬಸ್ಸು ಬಿಟ್ಟು ಸಹನಾ ಅವರ ಮನೆ ಹುಡುಕಿಕೊಂಡು ಹೋದಳು.

"ಬರ್ರಿ ಮೇಡಂ, ಕುಂತ್ಕಳ್ರಿ." ಮಲ್ಲಕ್ಕ ಚಾಪೆ ಹಾಸಿ ತಾನೂ ಎದುರು ಕೂತಳು. ಆಮೇಲೆ ಹೇಳಿದಳು: "ಅವತ್ತು ಈರುಳ್ಳಿ ಕೀಳ್ತಿದ್ವಿ. ಕೈಯೆಲ್ಲ ಮಣ್ಣು. ಪಕ್ಕದಾಕೆ ಸ್ಪೀಕರ್ ಹಾಕಿ ಫೋನು ಬದುವಿನ ಮ್ಯಾಲಿಟ್ಲು. ನೀವು ಹೇಳಿದ್ದು ಹೊಲದಾಗಿದ್ದೋರೆಲ್ಲ ಕೇಳಿದ್ರು. ಅವ್ರ ಮಕ್ಳೂ ನಿಮ್ಮ ಸ್ಕೂಲಿಗೇ ಬರೋವು. ಮನೇಲಿ ಕೇಳಿ ಅವತ್ತು ಸಂಜೇನೇ ಇವಳನ್ನ ಆಡ್ಕಂಡು ನಕ್ಕವೆ. ನಮ್ಮ ಹುಡುಗಿ ಹೋಗಲ್ಲ ಅಂತ ಕುಂತೈತೆ."

ಸಹನಾಗೆ ಮುಖ ಎತ್ತಲಾಗಲಿಲ್ಲ. "ನಂದೇ ತಪ್ಪು ಅಕ್ಕ. ಎಲ್ಲಿದ್ದೀರಿ ಅಂತ ಮೊದಲು ಕೇಳಬೇಕಿತ್ತು."

"ನೀವು ಹೇಳಿದ್ದು ಸುಳ್ಳಲ್ಲ ಬಿಡ್ರಿ. ನನಗೂ ಗೊತ್ತೈತೆ," ಎಂದು ಮಲ್ಲಕ್ಕ ಚಹಾ ಕಾಯಿಸಲು ಒಳಗೆ ಹೋದಳು.

ನಾಗಶ್ರೀ ಬಾಗಿಲ ಹಿಂದೆಯೇ ನಿಂತಿದ್ದಳು. ಸಹನಾ ಅವಳತ್ತ ತಿರುಗಿ, "ಇನ್ನು ಯಾರೂ ಎದ್ದು ನಿಂತು ಓದೋದು ಬೇಡ. ಇಬ್ಬಿಬ್ಬರು ಕೂತು ಓದ್ರಿ. ನಿನ್ನ ಪಕ್ಕ ಯಾರು ಕೂರಬೇಕು ಹೇಳು," ಎಂದಳು. ಚಹಾ ಬಂದು, ಕುಡಿದು ಮುಗಿಯುವವರೆಗೂ ಹುಡುಗಿ ಮಾತಾಡಲಿಲ್ಲ. ಸಹನಾ ಚಪ್ಪಲಿ ಮೆಟ್ಟುವಾಗ, "ಸುಚಿತ್ರಾ," ಎಂದಳು.

ಯೋಜನೆಯನ್ನು ಸಹನಾ ಮತ್ತೆ ಬರೆದಳು. ನಾಗಶ್ರೀ ಮರುದಿನ ಬರಲಿಲ್ಲ, ಸೋಮವಾರ ಬಂದಳು. ದೀಪಾವಳಿಯ ಹೊತ್ತಿಗೆ ಸುಚಿತ್ರಾಳ ಪಕ್ಕ ಕೂತು, ಸಾಲಿನ ಕೆಳಗೆ ಬೆರಳಿಟ್ಟು, ಸಣ್ಣ ಸಣ್ಣ ವಾಕ್ಯಗಳನ್ನು ತಡವರಿಸುತ್ತಾ ಓದುತ್ತಿದ್ದಳು. ಇಡೀ ತರಗತಿಯೆದುರು ಅವಳು ಓದಲಿಲ್ಲ. ಓದೆಂದು ಸಹನಾ ಹೇಳಲೂ ಇಲ್ಲ.