ಅವ್ವ ಅರ್ಧಕ್ಕಿಂತ ಹೆಚ್ಚು ತುಂಬಿರಲಿಲ್ಲ

ಅಡಿಗೆ ಸಾಮಾನಿನ ಹುಚ್ಚು ನನಗೆ ಮೊದಲಿನಿಂದಲೂ ಇದೆ. ಜೊತೆಯವರು ಸೀರೆ ಅಂಗಡಿಯ ಮುಂದೆ ನಿಂತರೆ ನಾನು ಭಾಂಡೆ ಅಂಗಡಿಯ ಮುಂದೆ ನಿಲ್ಲುತ್ತೇನೆ. ಹಂಚು ತೆಳುವಾದರೆ ರೊಟ್ಟಿ ನಡುವೆ ಕರಕಾಗಿ ಅಂಚು ಹಸಿ ಉಳಿಯುತ್ತದೆ, ಗುರೆಳ್ಳು ಹುರಿಯುವಾಗ ಚಟಪಟ ಸದ್ದು ನಿಲ್ಲುವ ಮೊದಲೇ ಇಳಿಸಬೇಕು, ಜೋಳದ ಹಿಟ್ಟು ಹಳತಾದರೆ ಕುದಿಯುವ ನೀರಲ್ಲೇ ಕಲಸಬೇಕು. ಇಂಥದ್ದನ್ನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಲೇ ಇರುತ್ತೇನೆ. ಕುಕ್ಕರಿನ ಮಾತು ಬಂದಾಗ ಮಾತ್ರ ನನ್ನ ದನಿ ಏರುತ್ತದೆ. ಕಚೇರಿಯ ಗೆಳತಿಯರು "ಶುರುವಾತು ನೋಡ್ರಿ ಇಕಿಂದು" ಎಂದು ನಗುತ್ತಾರೆ. ಅವರಿಗೆ ಕಾರಣ ಗೊತ್ತಿಲ್ಲ.

1997ರಲ್ಲಿ ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ನನಗೆ ಟೈಪಿಸ್ಟ್ ಕೆಲಸ ಸಿಕ್ಕಿತು. ಕಾಲೊನಿಯಲ್ಲಿ ಎರಡು ಕೋಣೆಯ ಕ್ವಾರ್ಟರ್ಸು. ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಹನುಮಸಾಗರದ ಹತ್ತಿರ ನಮ್ಮ ಊರಲ್ಲಿ ಅಣ್ಣ, ವೈನಿ ಹೊಲ ಮನೆ ನೋಡಿಕೊಂಡಿದ್ದರು. ಒಬ್ಬಳೇ ಹುಡುಗಿ ಹೇಗಿರುತ್ತಾಳೆ ಎಂದು ಅವ್ವ ನನ್ನ ಜೊತೆ ಬಂದಳು. ಬರುವಾಗ ಒಂದು ಟ್ರಂಕು, ಒಂದು ಹಂಚು, ರೊಟ್ಟಿ ಬುಟ್ಟಿ, ಅಷ್ಟೇ ತಂದಿದ್ದಳು.

ಮೊದಲ ಪಗಾರದಲ್ಲಿ ನಾನು ಗಂಗಾವತಿಯ ದೊಡ್ಡ ಭಾಂಡೆ ಅಂಗಡಿಯಿಂದ ಐದು ಲೀಟರಿನ ಕುಕ್ಕರ್ ತಂದೆ. ಒಂದು ವಾರ ಅವ್ವ ಅದರ ಹತ್ತಿರ ಸುಳಿಯಲಿಲ್ಲ. ಸೀಟಿ ಹೊಡೆದರೆ ಬಾಗಿಲಾಚೆ ಹೋಗಿ ನಿಲ್ಲುತ್ತಿದ್ದಳು. ನಾನು ಅದರ ಜೊತೆ ಬಂದ ಪುಸ್ತಕ ಓದಿ ಹೇಳಿದೆ. ಬೇಳೆ ಹಾಕಿದರೆ ನೀರು ಸೇರಿ ಅರ್ಧಕ್ಕಿಂತ ಮೇಲೆ ಬರಬಾರದು, ಒಂದು ಚಮಚ ಎಣ್ಣೆ ಬಿಟ್ಟರೆ ನೊರೆ ಏಳುವುದಿಲ್ಲ, ಹಬೆ ನೇರವಾಗಿ ಬರತೊಡಗಿದ ಮೇಲೆಯೇ ಸೀಟಿ ಇಡಬೇಕು, ರಬ್ಬರನ್ನು ತೊಳೆದು ಒಣಗಿಸಬೇಕು. ಓದಿ ಹೇಳಿದ ನಾನು ಅರ್ಧ ಮರೆತೆ. ಕೇಳಿದ ಅವ್ವ ಒಂದನ್ನೂ ಮರೆಯಲಿಲ್ಲ. ಎರಡು ತಿಂಗಳಲ್ಲಿ ಸೀಟಿಯ ಸದ್ದು ಕೇಳಿಯೇ "ನೀರು ಕಮ್ಮಿ ಆಗ್ಯಾವ" ಎನ್ನುವಷ್ಟು ಅವಳಿಗೆ ಅದು ಒಲಿಯಿತು.

ಒಂದು ಸಲ ನಾನೇ ತಪ್ಪು ಮಾಡಿದೆ. ಅವ್ವ ಊರಿಗೆ ಹೋಗಿದ್ದಾಗ ನೀರು ಕಡಿಮೆ ಹಾಕಿ ಕುಕ್ಕರ್ ಇಟ್ಟು ಪಕ್ಕದ ಮನೆಯಲ್ಲಿ ಮಾತಿಗೆ ಕೂತೆ. ಒಳಗೆ ನೀರು ಆರಿ ಮುಚ್ಚಳದ ಸೇಫ್ಟಿ ವಾಲ್ವು ಕರಗಿ ಹಬೆ ಬುಸ್ಸೆಂದು ಹೋಯಿತು. ಅನ್ನ ಸೀದುಹೋಯಿತು, ಬೇರೇನೂ ಆಗಲಿಲ್ಲ. ಆ ವಾಲ್ವು ಇರುವುದೇ ಅದಕ್ಕೆ. ಅಪಾಯ ಬಂದಾಗ ತಾನು ಹೋಗಿ ಮನೆಯವರನ್ನು ಉಳಿಸಬೇಕು. ಆಗ ನನಗೆ ಇದು ತಿಳಿಯಲಿಲ್ಲ. ಏನೋ ಕೆಟ್ಟಿತು ಎಂದುಕೊಂಡು ಮುಚ್ಚಳ ಹಿಡಿದು ಅದೇ ಅಂಗಡಿಗೆ ಹೋದೆ. ಅಂಗಡಿಯವನು ಒಂದು ಡಬ್ಬಿಯಿಂದ ಹೊಸ ವಾಲ್ವು ತೆಗೆದು ತಿರುಗಿಸಿ ಕೂರಿಸಿದ.

"ಇದು ಜನ್ಮಕ್ಕ ಹೋಗಂಗಿಲ್ಲ ನೋಡ್ರಿ, ಅಕ್ಕಾರ. ಮ್ಯಾಲಿಂದ ಮ್ಯಾಲ ಬದಲಿ ಮಾಡೋದು ತಪ್ಪತೈತಿ."

ನನಗೆ ಖುಷಿಯಾಯಿತು. ಆ ಖುಷಿಯನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಅಷ್ಟು ಖುಷಿಯಾಗಿತ್ತೆಂದರೆ, ಮುಂದಿನ ಸಲ ಊರಿಗೆ ಹೋದಾಗ ವೈನಿಯ ಕುಕ್ಕರಿನ ಮುಚ್ಚಳವನ್ನೂ ತಂದು ಅವನ ಕೈಯಲ್ಲೇ ಅಂಥದ್ದೇ ವಾಲ್ವು ಹಾಕಿಸಿಕೊಟ್ಟೆ.

ಅದಾಗಿ ಸುಮಾರು ಒಂದು ವರ್ಷಕ್ಕೆ, ಒಂದು ರವಿವಾರ, ಅಣ್ಣ, ವೈನಿ ಮತ್ತು ಅವ್ವನ ಒಡಹುಟ್ಟಿದ ಸ್ವಾದರಮಾವ ಡ್ಯಾಮು ನೋಡಲೆಂದು ಮುನಿರಾಬಾದಿಗೆ ಬಂದರು. ಅವ್ವ ಬೆಳಿಗ್ಗೆ ಎದ್ದು ರೊಟ್ಟಿ ಬಡಿದು ಬುಟ್ಟಿ ತುಂಬಿದಳು, ಹೀರೇಕಾಯಿ ಪಲ್ಯ ಮಾಡಿದಳು. ನಾವು ಡ್ಯಾಮು ನೋಡಿ ಬಂದು ಹೊರಗೆ ಕೈಕಾಲು ತೊಳೆಯುತ್ತಿದ್ದೆವು. ಬೇಳೆ ಕುಕ್ಕರಿನಲ್ಲಿತ್ತು. ಒಮ್ಮೆಲೇ ಒಳಗಿನಿಂದ ಗುಂಡು ಹೊಡೆದಂಥ ಸದ್ದು ಬಂತು. ಓಡಿ ಹೋದರೆ ಮುಚ್ಚಳ ತೊಲೆಗೆ ಬಡಿದು ಮೂಲೆಗೆ ಬಿದ್ದಿದೆ, ಗೋಡೆಯ ತುಂಬ ಬೇಳೆ. ಅವ್ವ ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದು ನಿಂತಿದ್ದಳು. ಮೊಣಕೈಯಿಂದ ಬೆರಳತನಕ, ಕುತ್ತಿಗೆಯ ಒಂದು ಕಡೆ, ಬೆಂದುಹೋಗಿತ್ತು. ಅವಳು ಕೂಗಲಿಲ್ಲ. "ಗ್ಯಾಸ್ ಬಂದ್ ಮಾಡ್ರಿ" ಎಂದಳು.

ಹೊಸಪೇಟೆಯ ಆಸ್ಪತ್ರೆಗೆ ಒಯ್ದೆವು. ಅವ್ವನ ಕೈಗೆ ಮುಲಾಮು ಹಚ್ಚಿ ಬಟ್ಟೆ ಸುತ್ತುತ್ತಿದ್ದಾಗ ಮಂಚದ ಸುತ್ತ ನಿಂತು ನಮ್ಮವರು ವಿಚಾರಣೆ ಶುರು ಮಾಡಿದರು.

"ಅಕ್ಷರ ಬರಲಾರದಾಕಿಗೆ ಇಂಥಾ ಮಷೀನು ಯಾಕ ಬೇಕಿತ್ತು" ಎಂದ ಸ್ವಾದರಮಾವ.

"ಕಂಠಮಟ ತುಂಬಿರ್ತಾಳ, ಮಂದಿ ಹೆಚ್ಚಿದ್ವಿ ನೋಡು" ಎಂದ ಅಣ್ಣ.

ಅವ್ವ ತಲೆ ಎತ್ತಿ ನನ್ನ ಮುಖ ನೋಡಿದಳು. "ಅರ್ಧನ ಹಾಕಿದ್ನೆವಾ. ಎಣ್ಣಿನೂ ಬಿಟ್ಟಿದ್ದೆ."

ನಾನು ಆಗ ಹೇಳಿದ ಮಾತು ಇದು: "ಎಷ್ಟು ಸಲ ಓದಿ ಹೇಳೀನಿ ಅವ್ವಾ ನಿನಗ."

ಅವಳು ತಲೆ ತಗ್ಗಿಸಿ ಬಟ್ಟೆ ಸುತ್ತಿದ ಕೈ ನೋಡಿಕೊಂಡಳು.

ಗಾಯ ಮಾಯಲು ತಿಂಗಳುಗಳೇ ಹಿಡಿದವು. ಮಾಯ್ದ ಮೇಲೆ ಮಣಿಕಟ್ಟಿನ ಚರ್ಮ ಸೆಳೆದುಕೊಂಡು ಅಂಗೈ ಪೂರ್ತಿ ಬಿಚ್ಚದಂತಾಯಿತು. ರೊಟ್ಟಿ ಬಡಿಯಲು ಅಂಗೈ ಬಿಚ್ಚಲೇಬೇಕು. ಅವ್ವ ಎರಡು ಸಲ ಪ್ರಯತ್ನಿಸಿದಳು, ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ಹರಿದುಹೋಯಿತು. ಹಿಟ್ಟನ್ನು ಮುದ್ದೆ ಮಾಡಿ ಪರಾತದಲ್ಲಿ ಬಿಟ್ಟು ಎದ್ದಳು. ಅಡಿಗೆ ಮನೆಗೆ ಬರುವುದನ್ನೇ ಬಿಟ್ಟಳು. ಯಾರಾದರೂ ಕೈ ನೋಡಿ ಕೇಳಿದರೆ "ನನಗ ತಿಳೀಲಿಲ್ಲ, ನಾನ ಮಾಡ್ಕೊಂಡೆ" ಎನ್ನುತ್ತಿದ್ದಳು. ಎಲ್ಲರೂ ಅಷ್ಟು ಸಲ ಹೇಳಿದ್ದನ್ನು ಅವಳೂ ನಂಬಿಬಿಟ್ಟಿದ್ದಳು.

ಕುಕ್ಕರಿನ ತಳ ಗಟ್ಟಿಯಾಗಿತ್ತು. ಮುಚ್ಚಳ ಮಾತ್ರ ಸೊಟ್ಟಗಾಗಿತ್ತು. ಬೇರೆ ಮುಚ್ಚಳ ಸಿಗುವುದೇ ನೋಡೋಣ ಎಂದು ಒಂದು ದಿನ ಕೊಪ್ಪಳದಲ್ಲಿ ಸ್ಟೋವ್, ಕುಕ್ಕರ್ ರಿಪೇರಿ ಮಾಡುವ ಒಬ್ಬ ಮುದುಕನ ಹತ್ತಿರ ಒಯ್ದೆ. ಅವನು ಮುಚ್ಚಳ ಬೆಳಕಿಗೆ ಹಿಡಿದು ನೋಡಿದ, ಸೀಟಿ ಕೂರುವ ನಳಿಗೆಗೆ ತಂತಿ ಹಾಕಿ ಒಂದು ಒಣಗಿದ ಬೇಳೆಯ ಸಿಪ್ಪೆ ಹೊರಗೆ ತೆಗೆದ. ಆಮೇಲೆ ಸೇಫ್ಟಿ ವಾಲ್ವು ಬಿಚ್ಚಿ ಅಂಗೈ ಮೇಲೆ ಇಟ್ಟುಕೊಂಡ.

"ಇದನ್ಯಾರು ಹಾಕ್ಯಾರವಾ?"

"ಅಂಗಡ್ಯಾಗ ಹಾಕಿಸೇನ್ರಿ ಕಾಕಾ."

"ಇದು ವಾಲ್ ಅಲ್ಲ. ನಟ್ಟು. ನಡುವ ಮೆತ್ತಗ ಕರಗೋ ಸೀಸ ಇರಬೇಕು. ಇದರಾಗ ಇಡೀ ಹಿತ್ತಾಳಿ ಐತಿ. ಮನಿ ಸುಟ್ರೂ ಇದು ಕರಗಂಗಿಲ್ಲ."

ನಾನು ನಳಿಗೆಯ ಸಿಪ್ಪೆಯ ಬಗ್ಗೆ ಕೇಳಿದೆ. ಸ್ವಚ್ಛ ಮಾಡಿರಲಿಲ್ಲವೇ ಎಂದೆ. ಆಗಲೂ ನನ್ನ ತಲೆ ಅವ್ವನ ತಪ್ಪನ್ನೇ ಹುಡುಕುತ್ತಿತ್ತು.

"ಬ್ಯಾಳಿ ಕುದಿಯುವಾಗ ಸಿಪ್ಪಿ ಎದ್ದು ಸಿಕ್ಕೊಂಡೈತಿ. ಯಾರ ಮನ್ಯಾಗ ಬೇಕಾದ್ರೂ ಸಿಕ್ಕೋತೈತಿ. ಅದಕ್ಕಂತನ ಈ ವಾಲ್ ಇಟ್ಟಿರ್ತಾರ. ನಿಮ್ಮವ್ವಂದೇನೂ ತಪ್ಪಿಲ್ಲ."

ಬಸ್‌ಸ್ಟ್ಯಾಂಡಿನತನಕ ನಡೆದುಕೊಂಡು ಹೋದೆ. ಮನೆಗೆ ಬಂದು ಅವ್ವನ ಮುಂದೆ ಆ ನಟ್ಟು ಇಟ್ಟು ಎಲ್ಲ ಹೇಳಿದೆ. ಅವಳು ಅದನ್ನು ಎಡಗೈಯಲ್ಲಿ ತೂಗಿ ನೋಡಿದಳು. "ನಾಳೆ ಗಂಗಾವತಿಗೆ ಹೋಗೂಣು, ನಾನೂ ಬರ್ತೀನಿ" ಎಂದಳು.

ಮರುದಿನ ರಜೆ ಹಾಕಿದೆ. ಅಂಗಡಿಯಲ್ಲಿ ನಾಲ್ಕೈದು ಮಂದಿ ಹೆಂಗಸರು ಪಾತ್ರೆ ನೋಡುತ್ತಿದ್ದರು. ನಾನು ಮುಚ್ಚಳ, ನಟ್ಟು ಎರಡನ್ನೂ ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟು ನಡೆದದ್ದನ್ನು ಹೇಳಿದೆ. ಅಂಗಡಿಯವನು ಮುಟ್ಟಿಯೂ ನೋಡಲಿಲ್ಲ.

"ನಮ್ಮಲ್ಲಿದು ಅನ್ನಾಕ ಚೀಟಿ ಎಲ್ಲೈತ್ರಿ? ಹಳ್ಳಿ ಮಂದಿಗೆ ಬಳಸಾಕ ಬರಂಗಿಲ್ಲ, ಆಮ್ಯಾಲ ಅಂಗಡಿಗೆ ಬಂದು ಜಗಳ ಮಾಡ್ತಾರ."

ಬಾಯಿಗೆ ಬಂದದ್ದೆಲ್ಲ ಬೈದೆ. ನಾನು ಬೈದಷ್ಟೂ ಅವನು ಇತರ ಗಿರಾಕಿಗಳ ಕಡೆ ನೋಡಿ ನಕ್ಕ. ಕಡೆಗೆ ಬೇಸತ್ತವನಂತೆ, "ಹೋಗ್ಲಿ ಬಿಡ್ರಿ, ಒಂದು ಹೊಸ ಕುಕ್ಕರ್ ಒಯ್ರಿ, ಮುಗೀತಲ್ಲ" ಎಂದ.

ಅವ್ವ ಸೆರಗಿನೊಳಗಿಂದ ಬಲಗೈ ತೆಗೆದು ಅವನ ಮುಂದೆ ಇಟ್ಟಳು. ಗಲ್ಲೆಯ ಮೇಲೆ, ನಟ್ಟಿನ ಪಕ್ಕದಲ್ಲಿ.

"ಹೊಸಾದು ಬ್ಯಾಡಪಾ ನನಗ. ಆ ವಾಲ್ ಖೊಟ್ಟಿ ಇತ್ತು, ಈ ಮುದುಕಿದೇನೂ ತಪ್ಪಿಲ್ಲ ಅಂತ ಇವರೆಲ್ಲಾರ ಮುಂದ ಒಂದು ಮಾತು ಹೇಳು. ಹೊಂಟ ಹೊಕ್ಕೀನಿ."

ಅವನ ನಗು ನಿಂತಿತು. ಆ ಮಾತು ಮಾತ್ರ ಬರಲಿಲ್ಲ. "ಮಾಲು ಹಂಗ ಬಂದಿರ್ತೈತಿ, ನಾವೇನು ಮಾಡೂಣ್ರಿ" ಎಂದು ಮುಖ ತಿರುಗಿಸಿದ. ಹಿಂದೆಯೇ ನನ್ನ ಕಡೆ ನೋಡಿ, "ನಿಮ್ಮ ವೈನಿಯವರ ಮುಚ್ಚಳಕ್ಕೂ ಇದನ್ನ ಹಾಕೇನಲ್ರಿ, ಅದಕ್ಕೇನಾಗೇತಿ?" ಎಂದ.

ಅದು ನನಗೆ ನೆನಪೇ ಇರಲಿಲ್ಲ. ಅವ್ವನಿಗೆ ನನಗಿಂತ ಮೊದಲು ಅರ್ಥವಾಯಿತು. ನನ್ನ ರಟ್ಟೆ ಹಿಡಿದು ಹೊರಗೆ ಎಳೆದಳು. "ಇವನ ಕೂಡ ಆಮ್ಯಾಲ ಬಡಿದಾಡುವಂತಿ. ಮೊದಲ ಊರಿಗೆ ನಡಿ."

ಕೊಪ್ಪಳದಲ್ಲಿ ಇಳಿದು ಮುದುಕನ ಹತ್ತಿರ ಒಂದು ಅಸಲಿ ವಾಲ್ವು ಕೊಂಡು ಕುಷ್ಟಗಿ ಬಸ್ಸು ಹತ್ತಿದೆವು. ದಾರಿಯಲ್ಲಿ ನಾನು ಅಂಗಡಿಯವನನ್ನು ಬೈಯುತ್ತಲೇ ಇದ್ದೆ, ಅಣ್ಣನನ್ನೂ ಸ್ವಾದರಮಾವನನ್ನೂ ಬೈದೆ. ಅವ್ವ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದವಳು, "ನೀನೂ ಹಂಗ ಅಂದಿ" ಎಂದಳು. ಸಿಟ್ಟಿನಿಂದಲ್ಲ, ಸುಮ್ಮನೆ ನೆನಪು ಮಾಡಿದಂತೆ. ನಾನು ತಪ್ಪಾಯಿತು ಅವ್ವಾ ಎಂದೆ. ಅವಳು ಹೂಂ ಎಂದಳು. ಕ್ಷಮಿಸಿದೆ ಎನ್ನಲಿಲ್ಲ, ನಾನು ಕೇಳಲೂ ಇಲ್ಲ.

ಮನೆ ಮುಟ್ಟುವ ಹೊತ್ತಿಗೆ ಸಂಜೆಯಾಗುತ್ತ ಬಂದಿತ್ತು. ವೈನಿ ಹೆಸರುಕಾಳು ತೊಳೆದು ಕುಕ್ಕರಿಗೆ ಹಾಕುತ್ತಿದ್ದಳು. ನಾನು ಚಪ್ಪಲಿಯಲ್ಲೇ ಒಳಗೆ ಹೋಗಿ ಮುಚ್ಚಳ ಕಸಿದುಕೊಂಡೆ. ಅಣ್ಣ ವಾಲ್ವು ತಿರುಗಿಸುವ ಪಾನಾ ತಂದ. ಬಿಚ್ಚಿ ನೋಡಿದರೆ ಅದೂ ಅಂಥದ್ದೇ ನಟ್ಟು. ಕೊಪ್ಪಳದಿಂದ ತಂದ ವಾಲ್ವನ್ನು ಅದರ ಜಾಗಕ್ಕೆ ಕೂರಿಸಿ, ಎರಡೂ ನಟ್ಟುಗಳನ್ನು ಒಟ್ಟಿಗೆ ಇಟ್ಟು ತೋರಿಸಿ, ಮುದುಕ ಹೇಳಿದ್ದೆಲ್ಲ ಹೇಳಿದೆ. ವೈನಿ ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡಳು. ಅಣ್ಣ ಕೆಂಪಾದ.

"ಆ ಅಂಗಡ್ಯಾವನ್ನ ಒದೀಬೇಕು."

"ಅವನ್ನ ಆಮ್ಯಾಲ ಒದಿ. ಅವ್ವಗ ಏನಂದಿದ್ದಿ ನೀನು? ದವಾಖಾನ್ಯಾಗ ನಿಂತು ಏನಂದಿದ್ದಿ?" ಎಂದೆ.

"ಈಗ್ಯಾಕ ಅದು. ಆಗಿ ಹೋದ ಮಾತು. ನಳಿಗಿನೂ ಕಟ್ಟಿತ್ತು ಅಂತ ನೀನ ಅಂತಿ."

ನಾನು ಕೂಗಾಡಿದೆ. ಅಕ್ಕಪಕ್ಕದವರು ಬಾಗಿಲಿಗೆ ಬಂದರು. ಅಕ್ಷರ ಬಾರದ ಹೆಂಗಸು ಕಣ್ಣ ಮುಂದೆ ಇದ್ದಾಗ ತಪ್ಪು ಯಾರದೆಂದು ಹುಡುಕುವ ಕಷ್ಟವನ್ನೇ ನೀವು ತೆಗೆದುಕೊಳ್ಳುವುದಿಲ್ಲ ಎಂದೆ. ಎಲ್ಲರೂ ಕೇಳುವಂತೆ ಹೇಳಿದೆ. ಅಣ್ಣ ಕಟ್ಟೆಗೆ ಹೋಗಿ ಕೂತ.

ನಾನು ಕೂಗುತ್ತಿರುವಾಗಲೇ ಅವ್ವ ಒಳಗೆ ಹೋಗಿದ್ದಳು. ಹೊಸ ವಾಲ್ವು ಕೂರಿಸಿದ ಮುಚ್ಚಳ ತೆಗೆದುಕೊಂಡು ನಳಿಗೆಯನ್ನು ಬಾಗಿಲಿನ ಬೆಳಕಿಗೆ ಹಿಡಿದು ಒಂದು ಕಣ್ಣಲ್ಲಿ ನೋಡಿದಳು. ಕೊಪ್ಪಳದ ಮುದುಕ ಮಾಡಿದ್ದನ್ನು ನಾನು ಹೇಳಿದ್ದೆ. ಕಾಳು, ನೀರು ಅರ್ಧಕ್ಕೆ ಬಂದದ್ದನ್ನು ಬೆರಳಿಟ್ಟು ನೋಡಿದಳು. ಎಣ್ಣೆ ಬಿಟ್ಟು, ಎಡಗೈಯಿಂದಲೇ ಮುಚ್ಚಿ, ಒಲೆಯ ಮೇಲಿಟ್ಟು, ಹಬೆ ನೇರವಾಗಿ ಏಳುವತನಕ ಕಾದು ಸೀಟಿ ಇಟ್ಟಳು. ವೈನಿ, ಮಕ್ಕಳು ಎಲ್ಲ ಹೊಸ್ತಿಲಾಚೆ ನಿಂತು ನೋಡುತ್ತಿದ್ದರು. ಅವ್ವ ಒಲೆಯ ಮಗ್ಗುಲಲ್ಲೇ ಕೂತಿದ್ದಳು. ಮೊದಲ ಸೀಟಿಗೆ ಅವಳ ಹೆಗಲು ಒಮ್ಮೆ ಅದುರಿತು. ಎದ್ದು ಬರಲಿಲ್ಲ. ಮೂರನೆಯದಕ್ಕೆ ಬೆಂಕಿ ಸಣ್ಣ ಮಾಡಿದಳು.

ಕಾಳಿಗೆ ಬೆಳ್ಳುಳ್ಳಿ ಒಗ್ಗರಣೆ ಅವಳೇ ಹಾಕಿದಳು. ವೈನಿ ರೊಟ್ಟಿ ಬಡಿದಳು. ಅಣ್ಣ ಬಂದು ತಾಟಿನ ಮುಂದೆ ಕೂತು ತಲೆ ತಗ್ಗಿಸಿ ಉಂಡ, ಎರಡು ಸಲ ಕಾಳು ಹಾಕಿಸಿಕೊಂಡ. "ಛಲೋ ಆಗೇತವಾ" ಎಂದ. ನಾನು ಅವನ ಬಾಯನ್ನೇ ನೋಡುತ್ತ ಕೂತಿದ್ದೆ, ಇನ್ನೊಂದು ಮಾತು ಬರುತ್ತದೆಂದು. ಬರಲಿಲ್ಲ. ಅವ್ವ "ನಿನ್ನ ರೊಟ್ಟಿ ಆರಾಕತ್ತೈತಿ, ಉಣ್ಣು" ಎಂದಳು.