ಅಂಚಿನ ಮೇಷ್ಟ್ರು
ಪೊಲೀಸ್ ತರಬೇತಿ ಶಾಲೆಯಲ್ಲಿ ನಮಗೆ ಬಂದೂಕಿನ ಪಾಠ ಹೇಳುವವರಿಗೆ ‘ಅಂಚಿನ ಮೇಷ್ಟ್ರು’ ಎಂದೇ ಅಡ್ಡಹೆಸರು. ಹೊಸಬರು ಬಂದರೆ ಸಾಕು, ರಿವಾಲ್ವರಿನ ಗುಂಡೊಂದನ್ನು ಹಿಡಿದು ಅದರ ಬುಡದ ಅಂಚನ್ನು ಕೂಸಿನ ಗಲ್ಲದಂತೆ ಸವರುತ್ತಾರೆ. “ರಿವಾಲ್ವರಿನಲ್ಲಿ ಒಂದೊಂದು ಗುಂಡಿಗೂ ಒಂದೊಂದು ಕೋಣೆ ಕಣ್ರಯ್ಯಾ, ಒಳಗೆ ಜಾರದ ಹಾಗೆ ಈ ಅಂಚು ಹಿಡಿದಿರುತ್ತೆ. ಪಿಸ್ತೂಲಿನಲ್ಲಿ ಒಂದರ ಮೇಲೊಂದು ಪೇರಿಸಬೇಕು. ಮೇಲಿನದರ ಅಂಚು ಕೆಳಗಿನದರ ಅಂಚಿನ ಹಿಂದೆ ಸಿಕ್ಕಿಕೊಂಡ್ರೆ ಮುಗೀತು, ಜಪ್ಪಯ್ಯ ಅಂದ್ರೂ ಮುಂದಕ್ಕೆ ಬರಲ್ಲ. ಅದಕ್ಕೇ ಪಿಸ್ತೂಲಿಗೆ ಇಂಥ ಅಂಚಿನ ಗುಂಡು ಅಪರೂಪ!” ಕ್ಯಾಂಟೀನಿನಲ್ಲಿ ಪೇರಿಸಿಟ್ಟ ತಟ್ಟೆ ಕಂಡರೂ ಇದೇ ಪಾಠ, ಅವರ ಹೆಂಡತಿ ಇದನ್ನು ನಿದ್ದೆಯಲ್ಲೂ ಒಪ್ಪಿಸುತ್ತಾರಂತೆ. ಒಮ್ಮೆ ನಾನು, “ಹಾಗಾದ್ರೆ ಅಂಚಿನ ಗುಂಡು ಹಾಕೋ ಪಿಸ್ತೂಲು ಇದ್ದೂ ದಂಡ, ಸಾರ್” ಎಂದು ನಕ್ಕೆ. ಅವರು ನಗಲಿಲ್ಲ. “ಹಾಗನ್ನಬೇಡಪ್ಪ. ಗುರಿಯಾಟಕ್ಕೆ ಅಂತ ನಮ್ಮಣ್ಣ ಅಂಥದ್ದೊಂದು ಇಟ್ಕೊಂಡಿದ್ದ. ಮನೆ ಜಗಳದಲ್ಲಿ ಸಿಟ್ಟು ನೆತ್ತಿಗೇರಿ ನನ್ನ ಮೇಲೆ ಹಾರಿಸಿದ. ಮೊದಲನೇ ಗುಂಡು ಗೋಡೆಗೆ ಹೋಯ್ತು, ಎರಡನೇದು ಸಿಕ್ಕಿಕೊಳ್ತು. ಅದನ್ನ ಎಳೆದಾಡೋ ಅಷ್ಟರಲ್ಲಿ ಸಿಟ್ಟಿಳಿದು, ಪಿಸ್ತೂಲು ಬಿಸಾಕಿ, ನನ್ನ ತಬ್ಬಿಕೊಂಡು ಅತ್ತುಬಿಟ್ಟ” ಎಂದು ನಿರಾಳವಾಗಿ ಉಸಿರು ಬಿಟ್ಟರು. “ಈಗ ಭಾನುವಾರದ ಊಟ ಅವನ ಕೈಯದ್ದೇ. ಉಪ್ಪು ಒಂಚೂರು ಜಾಸ್ತಿ ಹಾಕ್ತಾನೆ. ಅದೊಂದು ಬಿಟ್ರೆ ಅವನ ಮೇಲೆ ನಂದೇನೂ ದೂರಿಲ್ಲ.”