ಮಂಚಮ್ಮನ ನಾಟಿಪದ

ಹೊಳಲಿನ ಮಂಚಮ್ಮ ಭತ್ತದ ನಾಟಿಯಲ್ಲಿ ಏಳು ಅಣ್ಣಂದಿರ ತಂಗಿಯ ಪದ ಹಾಡಲು ಶುರುಮಾಡಿ ನಲವತ್ತು ವರ್ಷವಾಯಿತು. ಪದದ ಕೊನೆಗೆ ತಂಗಿ ಬಾವಿಗೆ ಬಿದ್ದು ಸಾಯುತ್ತಾಳೆ. ಜೊತೆಗೆ ಹಾಡುವವರು ಒಂದು ಮಾತು ತಪ್ಪಿದರೂ ಮಂಚಮ್ಮ ಕೆಸರು ಎರಚುತ್ತಿದ್ದಳು.

ಮೊನ್ನೆ ಅದೇ ಕಥೆಯ ಸಿನಿಮಾ ಮಂಡ್ಯಕ್ಕೆ ಬಂತು. “ಗೊತ್ತಿರೋ ಕತೆ, ಏನ್ ನೋಡೋದು?” ಎಂದು ಗೊಣಗಿದ ಸೊಸೆ ಸುನಿತಾಳನ್ನೂ ಮಂಚಮ್ಮ ಎಳೆದುಕೊಂಡು ಹೋದಳು. ತೆರೆಯ ಮೇಲೆ ತಂಗಿ ಬಾವಿಗೆ ಬಿದ್ದಳು. ಆಮೇಲೆ ಬಾವಿಗೋಡೆಯ ಕಲ್ಲು ಹಿಡಿದು ತಾನೇ ಮೇಲೆ ಹತ್ತಿ ಬಂದಳು. ಅತ್ತೆ ಈಗ ರೇಗುತ್ತಾಳೆ ಎಂದು ಸುನಿತಾ ತಿರುಗಿ ನೋಡಿದರೆ, ಮಂಚಮ್ಮ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಳು.

ಮರುದಿನ ಗದ್ದೆಯಲ್ಲಿ ಅವಳ ಪದದಲ್ಲೂ ತಂಗಿ ಹತ್ತಿ ಬಂದಳು.

“ಪದ ತಪ್ಪೋಯ್ತಲ್ಲ ಅತ್ತೆ!” ಎಂದಳು ಸುನಿತಾ.

“ಸುಮ್ಕಿರಮ್ಮಿ. ನಲವತ್ತು ವರ್ಸ ಆ ಮಗೂನ ನಾನೇ ಬಾವಿಗೆ ತಳ್ತಿದ್ದೆ. ಮ್ಯಾಕೆ ಹತ್ತುಸ್ಬೋದು ಅಂತ ಗೊತ್ತೇ ಇರ್ನಿಲ್ಲ ಕಣಮ್ಮ.”